ದೆವ್ವದ ಮನೆಗೆ ಟಿಕೆಟ್ ತೆಗೆದ ಮೇಲೆ

ಹೋದ ತಿಂಗಳು ಮನೆಯ ಮೆಟ್ಟಿಲುಗಳ ಬಗ್ಗೆ ಉತ್ತರ ಬರೆಯುವಾಗ ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ವಿಂಚೆಸ್ಟರ್ ಮನೆಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಂದೂಕು ಕಂಪನಿಯ ವಿಂಚೆಸ್ಟರ್ ಮನೆತನದ ಸೊಸೆ ಸಾರಾ ಕಟ್ಟಿಸಿದ, ದೆವ್ವ ಇದೆ ಅಂತ ಹೆಸರಾದ ಮನೆ ಅದು. ಟಿಕೆಟ್ ತೆಗೆದುಕೊಂಡು ಗೈಡ್ ಹಿಂದೆ ಸಾಲಾಗಿ ನಡೆದು ನೋಡಬೇಕು. ಮಗಳು ಆ ಊರಿನ ಹತ್ತಿರವೇ ಇರುವುದರಿಂದ ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೂವತ್ತು ವರ್ಷ ಮನೆಗಳ ನಕ್ಷೆ ಬರೆದವಳು ನಾನು. ಹಾಗಾಗಿ ಅಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಗೋಡೆ, ತೊಲೆ, ಬಾಗಿಲ ಚೌಕಟ್ಟುಗಳ ಕಡೆಗೆ. ಈ ಸಲದ ಅಂಕಣ ಪೂರ್ತಿ ಆ ಮನೆಗೇ ಇರಲಿ.

ಪ್ರಶ್ನೆ: ಅಕ್ಕಾ, ಮಗಳ ಮನೆಗೆ ಅಂತ ಸ್ಯಾನ್ ಹೋಸೆಗೆ ಬಂದಿದ್ದೇನೆ. ಅಳಿಯ ವಿಂಚೆಸ್ಟರ್ ಮನೆಗೆ ಎಲ್ಲರಿಗೂ ಟಿಕೆಟ್ ತೆಗೆದಿದ್ದಾರೆ. ಮೊಮ್ಮಗಳಿಗೆ ಎಂಟು ವರ್ಷ. ಬೀಗಿತ್ತಿ ಫೋನಿನಲ್ಲಿ, ಮಗುವನ್ನು ಅಂಥ ಜಾಗಕ್ಕೆ ಕರೆದುಕೊಂಡು ಹೋಗಲೇಬೇಡಿ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಕರೆದುಕೊಂಡು ಹೋಗಿ. ಹಗಲಿನ ಟೂರ್‌ನಲ್ಲಿ ಮಕ್ಕಳನ್ನು ಹೆದರಿಸುವ ವೇಷವಾಗಲಿ, ಕತ್ತಲಲ್ಲಿ ಮೈಮೇಲೆ ಬೀಳುವವರಾಗಲಿ ನನಗೆ ಕಾಣಲಿಲ್ಲ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು ನಡೆಯುವುದು, ನಿಲ್ಲುವುದು, ಕೇಳುವುದು, ಮತ್ತೆ ನಡೆಯುವುದು. ಮನೆಯಲ್ಲಿ 160 ಕೋಣೆಗಳಿವೆ. ಅದರಲ್ಲಿ ಸುಮಾರು 110 ಕೋಣೆಗಳನ್ನು ದಾಟಿಸುತ್ತಾರೆ. ಮಗುವಿಗೆ ಭಯಕ್ಕಿಂತ ಸುಸ್ತು ಜಾಸ್ತಿ ಆಗಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗುಂಪು ಬಿಟ್ಟು ಹಿಂದೆ ಉಳಿಯಬೇಡಿ. ಆ ಮನೆಯಲ್ಲಿ ಒಂದು ತಿರುವು ತಪ್ಪಿದರೆ ಯಾವ ಕಡೆಯಿಂದ ಬಂದೆವು ಅನ್ನುವುದೇ ಮರೆತುಹೋಗುತ್ತದೆ. ನಕ್ಷೆ ಓದುವ ಅಭ್ಯಾಸ ಇದ್ದ ನನಗೇ ಮೂರನೇ ಪಡಸಾಲೆಯ ಹೊತ್ತಿಗೆ ದಿಕ್ಕು ತಪ್ಪಿತ್ತು. ಮೊಮ್ಮಗಳ ಕೈ ಬಿಡಬೇಡಿ.

ಬೀಗಿತ್ತಿಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಆತಂಕ ಮಗುವಿನ ಮೇಲಿನ ಪ್ರೀತಿಯಿಂದ ಬಂದದ್ದು. ಹೋಗುವ ಮುಂಚೆ ಮಗುವಿಗೆ ಕಥೆ ಹೇಳಿ, ಆದರೆ ದೆವ್ವದಿಂದ ಶುರು ಮಾಡಬೇಡಿ. ಸಾರಾ ಅನ್ನುವ ಒಬ್ಬ ಅಜ್ಜಿ ಇದ್ದಳು, ಅವಳಿಗೆ ಮನೆ ಕಟ್ಟಿಸುವುದು ಅಂದರೆ ಬಹಳ ಇಷ್ಟ, ವರ್ಷಗಟ್ಟಲೆ ಒಂದೇ ಮನೆಗೆ ಕೋಣೆ ಸೇರಿಸುತ್ತಾ ಹೋದಳು ಅಂತ ಶುರು ಮಾಡಿ. ಆಮೇಲೆ ಗೈಡ್ ದೆವ್ವದ ಮಾತೆತ್ತಿದರೂ ಮಗುವಿನ ತಲೆಯಲ್ಲಿ ಅಜ್ಜಿಯೇ ಉಳಿಯುತ್ತಾಳೆ. ನನ್ನ ಮೊಮ್ಮಗ ಅಲ್ಲಿಂದ ಬಂದು ವಾರಪೂರ್ತಿ ಕಟ್ಟಿಗೆ ಚೂರುಗಳಲ್ಲಿ ಮನೆ ಕಟ್ಟಿದ. ಎಲ್ಲಾ ಮನೆಗೂ ಗೋಡೆಗೆ ಹೋಗಿ ನಿಲ್ಲುವ ಮೆಟ್ಟಿಲು ಒಂದು ಇರಲೇಬೇಕಿತ್ತು.

ಪ್ರಶ್ನೆ: ವಿಂಚೆಸ್ಟರ್ ಬಂದೂಕಿನಿಂದ ಸತ್ತವರ ಆತ್ಮಗಳು ಕಾಡಬಾರದು ಅಂತ ಆಕೆ ಹಗಲು ರಾತ್ರಿ ನಿಲ್ಲಿಸದೆ ಮನೆ ಕಟ್ಟಿಸಿದಳಂತೆ. ಕೆಲಸ ನಿಂತರೆ ಸಾಯುತ್ತಾಳೆ ಅಂತ ಒಬ್ಬ ಮಾಧ್ಯಮ, ಅಂದರೆ ಸತ್ತವರ ಜೊತೆ ಮಾತಾಡುವವನು, ಹೇಳಿದ್ದನಂತೆ. ಇದರಲ್ಲಿ ಎಷ್ಟು ನಿಜ?

ಉತ್ತರ: ನನಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಖಚಿತವಾಗಿ ಗೊತ್ತಿರುವುದು. ಸಾರಾ ಪಾರ್ಡಿ ಹುಟ್ಟಿ ಬೆಳೆದದ್ದು ಅಮೆರಿಕದ ಪೂರ್ವ ತೀರದ ನ್ಯೂ ಹೇವನ್‌ನಲ್ಲಿ. 1862ರಲ್ಲಿ ವಿಲಿಯಂ ವರ್ಟ್ ವಿಂಚೆಸ್ಟರ್ ಜೊತೆ ಮದುವೆ. ಮಾವ ಆಲಿವರ್ ವಿಂಚೆಸ್ಟರ್ ಮೊದಲು ಅಂಗಿ ತಯಾರಿಸುತ್ತಿದ್ದವರು, ಆಮೇಲೆ ಬಂದೂಕಿನ ವ್ಯಾಪಾರಕ್ಕೆ ಇಳಿದರು. ಕಂಪನಿಗೆ ವಿಂಚೆಸ್ಟರ್ ಅನ್ನುವ ಹೆಸರು ಬಂದದ್ದು 1866ರಲ್ಲಿ. ಅದೇ ವರ್ಷ ಸಾರಾಗೆ ಆ್ಯನಿ ಅನ್ನುವ ಹೆಣ್ಣು ಮಗು ಹುಟ್ಟಿತು. ಕೆಲವೇ ವಾರ ಬದುಕಿತ್ತು. ಕುಡಿದ ಹಾಲು ಮೈಗೆ ಹತ್ತದೆ ಕರಗಿಹೋಗುವ ಕಾಯಿಲೆ. ಆಮೇಲೆ ಆಕೆಗೆ ಮಕ್ಕಳಾಗಲಿಲ್ಲ. 1880ರ ಡಿಸೆಂಬರ್‌ನಲ್ಲಿ ಮಾವ ತೀರಿಕೊಂಡರು. ಮೂರು ತಿಂಗಳು ಕಳೆಯುವಷ್ಟರಲ್ಲಿ, 1881ರ ಮಾರ್ಚ್‌ನಲ್ಲಿ, ಕ್ಷಯ ರೋಗದಿಂದ ಗಂಡ.

ಇಷ್ಟು ನೋವು, ಜೊತೆಗೆ ದೊಡ್ಡ ಆಸ್ತಿ. ಆಕೆ ಕ್ಯಾಲಿಫೋರ್ನಿಯಾಗೆ ಬಂದು 1886ರಲ್ಲಿ ಸಾಂತಾ ಕ್ಲಾರಾ ಕಣಿವೆಯಲ್ಲಿ ಎಂಟು ಕೋಣೆಯ ತೋಟದ ಮನೆಯೊಂದನ್ನು ಕೊಂಡಳು. ಅದಕ್ಕೆ ಯಾನಾದಾ ವಿಲ್ಲಾ ಅಂತ ಹೆಸರಿಟ್ಟಳು. ಸುತ್ತ ಹಣ್ಣಿನ ತೋಟಗಳು. 1922ರ ಸೆಪ್ಟೆಂಬರ್ 5ರಂದು ಸಾಯುವ ತನಕ ಅದು ಆಕೆಯದೇ, ವರ್ಷಗಟ್ಟಲೆ ಆಕೆಯ ಕೈಯಲ್ಲಿ ಬೆಳೆಯಿತು.

ಇನ್ನು ಕಥೆಗೆ ಬರೋಣ. ಬಾಸ್ಟನ್ನಿನಲ್ಲಿ ಆಕೆ ಅಂಥ ಮಾಧ್ಯಮ ಒಬ್ಬನನ್ನು ಕಂಡಳು ಅನ್ನುವುದಕ್ಕೆ ದಾಖಲೆ ಇಲ್ಲ. ಆಕೆಯ ಜೀವನ ಚರಿತ್ರೆಯನ್ನು ಶ್ರದ್ಧೆಯಿಂದ ಹುಡುಕಿ 2010ರಲ್ಲಿ ಪ್ರಕಟಿಸಿದ ಇತಿಹಾಸಕಾರ್ತಿ ಮೇರಿ ಜೋ ಇಗ್ನೋಫೋ ಅವರಿಗೂ ಅದು ಸಿಗಲಿಲ್ಲ. ಕೊನೆಯ ವರ್ಷಗಳಲ್ಲಿ ಜೊತೆಗಿದ್ದು ನೋಡಿಕೊಂಡ ಹೆನ್ರಿಯೆಟಾ ಸೆವರ್ಸ್, ಸಾರಾಗೆ ಆತ್ಮಗಳನ್ನು ಕರೆಯುವ ನಂಬಿಕೆ ಇರಲಿಲ್ಲ ಅಂತಲೇ ಹೇಳುತ್ತಿದ್ದಳು. ಹಗಲು ರಾತ್ರಿ ಸುತ್ತಿಗೆ ಸದ್ದು ನಿಲ್ಲಲೇ ಇಲ್ಲ ಅನ್ನುವುದೂ ಸರಿಯಲ್ಲ. ಕೆಲಸದವರನ್ನು ತಿಂಗಳುಗಟ್ಟಲೆ ಕಳಿಸಿಬಿಟ್ಟು ತಾನು ವಿಶ್ರಾಂತಿ ತೆಗೆದುಕೊಂಡ ವಿಷಯವನ್ನು ಆಕೆಯೇ ನಾದಿನಿಗೆ ಪತ್ರದಲ್ಲಿ ಬರೆದಿದ್ದಾಳೆ.

ಹಾಗಾದರೆ ಕಥೆ ಹುಟ್ಟಿದ್ದೆಲ್ಲಿ? ಊರಲ್ಲಿ. 1895ರಲ್ಲೇ ಅಲ್ಲಿನ ಪತ್ರಿಕೆಯೊಂದು, ಮನೆ ಮುಗಿದರೆ ಸಾಯುತ್ತೇನೆ ಅಂತ ಆಕೆ ನಂಬಿದ್ದಾಳೆ ಅನ್ನುವ ಮಾತನ್ನು ಅಚ್ಚು ಹಾಕಿತ್ತು. ಆಕೆ ಊರಿನವರ ಮನೆಗೆ ಹೋಗುವುದು, ಅವರನ್ನು ಕರೆಯುವುದು ಬಹಳ ಕಡಿಮೆ. ಪತ್ರಿಕೆಯವರಿಗೆ ಉತ್ತರ ಕೊಡುತ್ತಿರಲಿಲ್ಲ. ಒಬ್ಬಂಟಿ ಹೆಂಗಸು, ವಿಧವೆ, ಕೈಯಲ್ಲಿ ದುಡ್ಡು, ಬಾಯಿ ಬಿಡುವುದಿಲ್ಲ. ಊರಿಗೆ ಇಷ್ಟು ಸಾಕು, ಅಲ್ವಾ? ಆಕೆ ಸತ್ತು ವರ್ಷ ತುಂಬುವ ಮೊದಲೇ, 1923ರ ಜೂನ್ 30ರಂದು, ಮನರಂಜನಾ ಪಾರ್ಕಿನ ವ್ಯವಹಾರ ಗೊತ್ತಿದ್ದ ಜಾನ್ ಬ್ರೌನ್ ಅನ್ನುವವರು ಮನೆಯನ್ನು ಬಾಡಿಗೆಗೆ ಪಡೆದು ಜನಕ್ಕೆ ತೆರೆದರು. ಅವರ ಹೆಂಡತಿ ಮೇಮಿ ಮೊದಲ ಗೈಡ್. ಮರುವರ್ಷ ಜಾದೂಗಾರ ಹುಡಿನಿ ಕೂಡ ಬಂದು ನೋಡಿ ಹೋದರು. ಅಲ್ಲಿಂದ ಇಲ್ಲಿಯವರೆಗೆ ಟಿಕೆಟ್ ಖರ್ಚಾಗುತ್ತಿರುವುದು ದೆವ್ವದ ಹೆಸರಲ್ಲಿ.

ನನಗೆ ಇಲ್ಲಿ ನೋವಾಗುವ ಸಂಗತಿ ಒಂದಿದೆ. ಕ್ಷಯದಿಂದ ಸತ್ತ ಗಂಡನ ನೆನಪಿಗೆ ಆಕೆ ತನ್ನ ಹುಟ್ಟೂರು ನ್ಯೂ ಹೇವನ್ ಹತ್ತಿರದ ಕ್ಷಯ ರೋಗಿಗಳ ಆಸ್ಪತ್ರೆಗೆ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ದುಡ್ಡು ಕೊಟ್ಟಳು. ಆ ಕಾಲದ ಹತ್ತು ಲಕ್ಷ ಡಾಲರ್! ಆ ಆಸ್ಪತ್ರೆಗೆ ಗಂಡನ ಹೆಸರು ಇತ್ತು. ನಾನು ಹೋದ ಮೊದಲ ಟೂರ್‌ನಲ್ಲಿ ಈ ಮಾತು ಬರಲೇ ಇಲ್ಲ. ಎರಡನೇ ಸಲ ನಾನೇ ಕೇಳಿದೆ. ಗೈಡ್ ಹುಡುಗಿಗೆ ಎಲ್ಲಾ ಗೊತ್ತಿತ್ತು. ನಿಂತು ಚೆನ್ನಾಗಿ ವಿವರಿಸಿದಳು. ಜೊತೆಗಿದ್ದವರೆಲ್ಲ ಸುಮ್ಮನೆ ಕೇಳಿದರು. ದೆವ್ವದ ಕಥೆಗೆ ಕೊಟ್ಟಷ್ಟೇ ಕಿವಿ ಕೊಟ್ಟರು. ಹಾಗಾಗಿ ನೀವೂ ಕೇಳಿ. ಗೈಡ್‌ಗಳಿಗೆ ಗೊತ್ತಿರುತ್ತದೆ, ಕೇಳುವವರು ಬೇಕು ಅಷ್ಟೇ.

ಪ್ರಶ್ನೆ: ದೆವ್ವ ಇಲ್ಲ ಅಂತಲೇ ಇಟ್ಟುಕೊಳ್ಳೋಣ ಮೇಡಂ. ಆದರೆ ಬಾಗಿಲು ತೆಗೆದರೆ ಹೊರಗೆ ನೆಲವೇ ಇಲ್ಲ. ಮೆಟ್ಟಿಲು ಹತ್ತಿದರೆ ಸೂರು ತಲೆಗೆ ತಾಗುತ್ತದೆ. ಬುದ್ಧಿ ನೆಟ್ಟಗಿರುವವರು ಹೀಗೆ ಕಟ್ಟಿಸುತ್ತಾರಾ?

ಉತ್ತರ: ಕಟ್ಟಿಸುವುದಿಲ್ಲ, ಹಾಗೆ ಆಗಿಬಿಡುತ್ತದೆ. ಎರಡಕ್ಕೂ ವ್ಯತ್ಯಾಸ ಇದೆ.

1906ರ ಏಪ್ರಿಲ್ 18ರ ಬೆಳಗಿನ ಜಾವ ಆ ಸೀಮೆಯಲ್ಲಿ ಭಾರಿ ಭೂಕಂಪ ಆಯಿತು. ಅದಕ್ಕೂ ಮೊದಲು ಈ ಮನೆಗೆ ಏಳಂತಸ್ತಿನ ಗೋಪುರ ಇತ್ತು. ಅದು ಕುಸಿಯಿತು. ಚಿಮಣಿಗಳು ಬಿದ್ದವು. ಸಾರಾ ಮಲಗಿದ್ದ ಕೋಣೆಯ ಬಾಗಿಲು ಬಿಗಿದುಕೊಂಡು, ಕೆಲಸದವರು ಬಂದು ಬಿಡಿಸಬೇಕಾಯಿತು ಅಂತ ಹೇಳುತ್ತಾರೆ. ಆಮೇಲೆ ಆಕೆ ಬಿದ್ದದ್ದನ್ನು ಮತ್ತೆ ಎಬ್ಬಿಸಲಿಲ್ಲ. ಮುರಿದ ಭಾಗವನ್ನು ತೆಗೆಸಿ, ಕೆಲವು ಕಡೆ ಹಾಗೇ ಮುಚ್ಚಿಸಿಬಿಟ್ಟಳು. ಈಗ ಮನೆ ನಾಲ್ಕು ಅಂತಸ್ತಿಗೆ ನಿಂತಿದೆ.

ಈಗ ಯೋಚನೆ ಮಾಡಿ. ಮೇಲಿನ ಅಂತಸ್ತು ಹೋದರೆ ಅಲ್ಲಿಗೆ ಹೋಗುತ್ತಿದ್ದ ಮೆಟ್ಟಿಲು ಏನಾಗಬೇಕು? ಸೂರಿಗೆ ಹೋಗಿ ನಿಲ್ಲುತ್ತದೆ. ಬಾಗಿಲಿನ ಆಚೆ ಇದ್ದ ಕಟ್ಟಡ ಬಿದ್ದುಹೋದರೆ? ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತದೆ. ಇಗ್ನೋಫೋ ಅವರೂ ಇದನ್ನೇ ಹೇಳುತ್ತಾರೆ. ಆ ಬಾಗಿಲ ಹತ್ತಿರ ಗೈಡ್ ದನಿ ತಗ್ಗಿಸಿದಾಗ ನಾನು ಚೌಕಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದೆ. ಒಳ್ಳೆ ಕೆಲಸ. ಯಾರನ್ನೋ ಬೀಳಿಸಬೇಕು ಅಂತ ಮಾಡಿದ ಬಾಗಿಲಿಗೆ ಬಡಗಿ ಅಷ್ಟು ಪ್ರೀತಿಯಿಂದ ಅಂಚು ಕೊಡುವುದಿಲ್ಲ.

ಇನ್ನೊಂದು ಕಾರಣ ನನ್ನ ಕಸುಬಿನವರಿಗೆ ಬೇಗ ಅರ್ಥ ಆಗುತ್ತದೆ. ಒಟ್ಟು ನಕ್ಷೆ ಇಲ್ಲದೆ, ವರ್ಷಾನುಗಟ್ಟಲೆ, ಇದ್ದ ಮನೆಗೆ ಕೋಣೆ ಅಂಟಿಸುತ್ತಾ ಹೋದರೆ ಒಂದು ಕಾಲದ ಹೊರಗೋಡೆ ಇನ್ನೊಂದು ಕಾಲಕ್ಕೆ ಒಳಗೋಡೆ ಆಗುತ್ತದೆ. ಹೊರಗೆ ನೋಡುತ್ತಿದ್ದ ಕಿಟಕಿ ಪಕ್ಕದ ಕೋಣೆಗೆ ತೆರೆದುಕೊಳ್ಳುತ್ತದೆ. ಸೂರಿನಲ್ಲಿದ್ದ ಬೆಳಕಿನ ಕಿಂಡಿ ಮೇಲಿನ ಕೋಣೆಯ ನೆಲದಲ್ಲಿ ಉಳಿದುಬಿಡುತ್ತದೆ. ಆ ಮನೆಯಲ್ಲಿ ಇವೆರಡೂ ಇವೆ. ಆಕೆ ಕಟ್ಟಡ ಶಾಸ್ತ್ರ ಓದಿದವಳಲ್ಲ. ಕಾಗದದ ಮೇಲೆ ಗೀಚಿ ಬಡಗಿಗಳಿಗೆ ಕೊಡುತ್ತಿದ್ದಳು. ಚೆನ್ನಾಗಿ ಬಂದರೆ ಉಳಿಸಿಕೊಳ್ಳುತ್ತಿದ್ದಳು, ಬರದಿದ್ದರೆ ಒಡೆಸುತ್ತಿದ್ದಳು. ತಪ್ಪು ಮಾಡಿ ಕಲಿಯುವಷ್ಟು ದುಡ್ಡು ಮತ್ತು ಸಮಯ ಆಕೆಗಿತ್ತು. ಆ ಕಾಲದ ಎಷ್ಟು ಹೆಂಗಸರಿಗೆ ಅದು ಸಿಕ್ಕಿತ್ತು?

ಅಲ್ಲಿ ಬುದ್ಧಿಗೆ ಸಾಕ್ಷಿ ಬೇಕಾದರೆ ಗಿಡ ಬೆಳೆಸುವ ಗಾಜಿನ ಕೋಣೆ ನೋಡಿ. ನೆಲದ ಮರದ ಹಲಗೆಗಳನ್ನು ಎತ್ತಬಹುದು. ಕೆಳಗೆ ಸತುವಿನ ತಗಡು ಹಾಸಿದೆ. ಕುಂಡಗಳಿಗೆ ಹಾಕಿದ ನೀರು ಹೆಚ್ಚಾದರೆ ತಗಡಿನ ಮೇಲೆ ಇಳಿದು, ಕೊಳವೆಯಲ್ಲಿ ಹರಿದು ಕೆಳಗಿನ ತೋಟಕ್ಕೆ ಹೋಗುತ್ತಿತ್ತು. ಒಂದು ಹನಿ ದಂಡ ಇಲ್ಲ. ಬಟ್ಟೆ ಒಗೆಯುವ ತೊಟ್ಟಿ ನೋಡಿ, ಉಜ್ಜುವ ಗೀರುಗಳನ್ನು ತೊಟ್ಟಿಯಲ್ಲೇ ಎರಕ ಹೊಯ್ದಿದ್ದಾರೆ. ಒಗೆಯುವವರ ಕೈ ಕಷ್ಟ ಗೊತ್ತಿದ್ದವರಿಗೆ ಮಾತ್ರ ಇದು ಹೊಳೆಯುತ್ತದೆ. ಲಿಫ್ಟ್ ಇತ್ತು, ಯಾವ ಕೋಣೆಯಿಂದ ಕರೆದರು ಅಂತ ಕೆಲಸದವರಿಗೆ ತೋರಿಸುವ ಗಂಟೆ ಹಲಗೆ ಇತ್ತು. ನಾನು ಮೂವತ್ತು ವರ್ಷದಲ್ಲಿ ಬರೆದ ಯಾವ ನಕ್ಷೆಯಲ್ಲೂ ಆ ನೆಲದಷ್ಟು ಒಳ್ಳೆ ಯೋಚನೆ ಬರಲಿಲ್ಲ. ಅದರ ಮುಂದೆ ಗುಂಪು ನಿಂತದ್ದು ಒಂದೇ ನಿಮಿಷ. ನಾನು ಎರಡನೇ ಸಲ ಹೋಗಿದ್ದು ಅದನ್ನು ಇನ್ನೊಮ್ಮೆ ನೋಡುವುದಕ್ಕೇ.

ಅಲ್ಲಿನವರು ಅಶುಭ ಅನ್ನುವ 13ರ ಬಗ್ಗೆಯೂ ಹಲವರು ಕೇಳಿದ್ದಾರೆ. 13 ಕೊಕ್ಕೆ, 13 ಸ್ನಾನದ ಮನೆ ಅಂತ ಎಣಿಸಿ ತೋರಿಸುತ್ತಾರೆ. 47 ಮೆಟ್ಟಿಲ ಸಾಲು, 47 ಬೆಂಕಿಗೂಡು, ಸುಮಾರು 2,000 ಬಾಗಿಲು, 10,000 ಗಾಜು ಇರುವ ಮನೆಯಲ್ಲಿ ಹುಡುಕಿದರೆ ಯಾವ ಸಂಖ್ಯೆ ಬೇಕಾದರೂ ಸಿಗುತ್ತದೆ.

ಪ್ರಶ್ನೆ: ನಾನು ನಂಬುವವಳಲ್ಲ. ಆದರೂ ಅಲ್ಲಿ ಒಂದು ಓಣಿಯಲ್ಲಿ ಕುತ್ತಿಗೆ ಹಿಂದೆ ತಣ್ಣಗೆ ಏನೋ ಸವರಿದ ಹಾಗಾಯಿತು. ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ಮನೆಯಲ್ಲಿ ಹೇಳಿದರೆ ನಗುತ್ತಾರೆ. ಅದು ಏನಿರಬಹುದು?

ಉತ್ತರ: ನಿಮಗೆ ಆದದ್ದು ಆಗಿದೆ. ಅದರಲ್ಲಿ ಸುಳ್ಳಿಲ್ಲ. ಯಾಕೆ ಆಯಿತು ಅನ್ನುವುದು ಬೇರೆ ಮಾತು.

ಸರಳವಾದದ್ದು ಮೊದಲು. ನೂರು ವರ್ಷ ದಾಟಿದ ಮರದ ಮನೆ, ಹತ್ತು ಸಾವಿರ ಗಾಜು. ಮರ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಪ್ರತಿ ಸಂದಿನಲ್ಲೂ ಗಾಳಿ ನುಸುಳುತ್ತದೆ. ಉದ್ದ ಓಣಿಯ ಎರಡೂ ತುದಿಯಲ್ಲಿ ಬಿಸಿ ಬೇರೆ ಬೇರೆ ಇದ್ದರೆ ನಡುವೆ ತಣ್ಣನೆ ಎಳೆ ಓಡುತ್ತದೆ. ಅದು ಮೊದಲು ತಾಗುವುದು ಬಟ್ಟೆ ಇಲ್ಲದ ಕುತ್ತಿಗೆಗೆ.

ಇನ್ನೊಂದು ಕಥೆ ಕೇಳಿ. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯಲ್ಲಿ ದೆವ್ವ ಇದೆ ಅನ್ನುವ ಮಾತಿತ್ತು. ಒಂದು ರಾತ್ರಿ ಅವರಿಗೂ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತು. ತಿರುಗಿ ನೋಡಿದರೆ ಇಲ್ಲ. ಮರುದಿನ ಕತ್ತಿವರಸೆಯ ತೆಳು ಕತ್ತಿಯೊಂದನ್ನು ವೈಸ್ ಅನ್ನುವ ಬಿಗಿಹಿಡಿಯುವ ಉಪಕರಣಕ್ಕೆ ಸಿಕ್ಕಿಸಿ ಇಟ್ಟಿದ್ದರು. ಅದು ತಾನಾಗಿ ಅದುರತೊಡಗಿತು. ಹುಡುಕಿದಾಗ ಸಿಕ್ಕಿದ್ದು ಹೊಸದಾಗಿ ಹಾಕಿದ್ದ ಗಾಳಿ ಎಳೆಯುವ ಫ್ಯಾನ್. ಅದು ಸುಮಾರು 19 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 19 ಸಲ, ಅದುರುತ್ತಿತ್ತು. ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ದನಿ, ಆದರೆ ಮೈಗೆ ಗೊತ್ತಾಗುತ್ತದೆ ಅನ್ನುವುದು ಅವರ ಲೆಕ್ಕ. ಫ್ಯಾನ್ ಸರಿಪಡಿಸಿದ ಮೇಲೆ ಆ ಕಾಟ ನಿಂತಿತು. 1998ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಎಲ್ಲಾ ಕಡೆ ಇದೇ ಕಾರಣ ಅಂತಲ್ಲ.

ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಹತ್ತಿರದ್ದು. ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆ ಮತ್ತು ಎಡಿನ್‌ಬರದ ನೆಲಮಾಳಿಗೆಗಳಲ್ಲಿ ನೂರಾರು ಜನರನ್ನು ನಡೆಸಿ, ಎಲ್ಲೆಲ್ಲಿ ಏನನ್ನಿಸಿತು ಅಂತ ಬರೆಸಿದರು. ಕೆಲವು ಜಾಗಗಳಲ್ಲೇ ಜನರಿಗೆ ಮತ್ತೆ ಮತ್ತೆ ಹಾಗೆ ಅನ್ನಿಸಿತು. ಬೆಳಕು, ಕೋಣೆಯ ಗಾತ್ರ ಇಂಥವಕ್ಕೂ ಅದಕ್ಕೂ ಸಂಬಂಧ ಕಂಡಿತು. ಅಂದರೆ ಜಾಗಕ್ಕೆ ನಿಜವಾಗಿಯೂ ಗುಣ ಇದೆ. ಕಿರಿದಾದ ಓಣಿ, ಮಂದ ಬೆಳಕು, ಮುಂದಿನ ತಿರುವಿನ ಆಚೆ ಏನಿದೆ ಗೊತ್ತಿಲ್ಲ. ಮೈ ಎಚ್ಚರ ಆಗುತ್ತದೆ. ಮನೆ ಕಟ್ಟುವವರು ಇದನ್ನು ಮೊದಲಿಂದಲೂ ಬಲ್ಲರು. ದೇವರ ಕೋಣೆಯ ಬಾಗಿಲನ್ನು ತಗ್ಗಾಗಿ ಇಡುವುದು, ಒಳಗೆ ಹೋಗುವಾಗ ತಲೆಯೂ ಮನಸ್ಸೂ ಬಾಗಲಿ ಅಂತಲೇ ಅಲ್ವಾ?

ಒಂದು ಎಚ್ಚರಿಕೆ. ಟೂರ್‌ನಲ್ಲಿ ಆದರೆ ಬಿಡಿ. ಸ್ವಂತ ಮನೆಯಲ್ಲಿ ಹೀಗೆ ಆಗುತ್ತಾ, ಜೊತೆಗೆ ತಲೆನೋವು, ಸುಸ್ತು ಇದ್ದರೆ ಮೊದಲು ಒಲೆ, ಹೀಟರ್, ಹೊಗೆ ಕೊಳವೆ ಪರೀಕ್ಷೆ ಮಾಡಿಸಿ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಕಥೆ ಪ್ರಕಟಿಸಿದ್ದರು. ಅವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಆಕೃತಿಗಳು ಕಾಣುತ್ತಿದ್ದವು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಕುಲುಮೆ ಕೆಟ್ಟು ಕಾರ್ಬನ್ ಮೊನಾಕ್ಸೈಡ್ ಅನಿಲ ಕೋಣೆಗಳಿಗೆ ಸೋರುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಎಲ್ಲಾ ನಿಂತಿತು. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಅಲ್ಲಿ ಓದುತ್ತಿರುವ ವಿದ್ಯಾರ್ಥಿ ನಾನು. ಸ್ನೇಹಿತರೆಲ್ಲ ಟಾರ್ಚ್ ಹಿಡಿದು ಹೋಗುವ ರಾತ್ರಿ ಟೂರ್‌ಗೆ ಹೋಗೋಣ ಅಂತಾರೆ. ಹಗಲು ಒಳ್ಳೆಯದೋ ರಾತ್ರಿಯೋ?

ಉತ್ತರ: ಒಂದೇ ಸಲ ಹೋಗುವುದಾದರೆ ಹಗಲು. ಬಣ್ಣದ ಗಾಜಿನ ಕಿಟಕಿಗಳಿಗೆ ಬಿಸಿಲು ಬೇಕು. ಜೇಡರ ಬಲೆಯ ವಿನ್ಯಾಸ ಇರುವ ಕಿಟಕಿಗಳನ್ನು ಟಾರ್ಚಿನಲ್ಲಿ ನೋಡಿದರೆ ನೋಡಿದ ಹಾಗಲ್ಲ. 13ನೇ ತಾರೀಖು ಶುಕ್ರವಾರ ಬಂದರೆ ಮಧ್ಯಾಹ್ನ ಒಂದು ಗಂಟೆಗೆ, ಅಂದರೆ 13 ಗಂಟೆಗೆ, ಸಾರಾ ನೆನಪಿಗೆ ಅಲ್ಲಿನ ಗಂಟೆಯನ್ನು 13 ಸಲ ಹೊಡೆಯುತ್ತಾರೆ. ಆ ದಿನ ಹೋಗಿ, ಗಂಟೆ ಕೇಳಿ, ಹಗಲಲ್ಲೇ ನೋಡಿ. ರಾತ್ರಿಯದು ಸ್ನೇಹಿತರ ಸಂತೋಷಕ್ಕೆ ಇನ್ನೊಮ್ಮೆ ಹೋದರಾಯಿತು.

ಪ್ರಶ್ನೆ: ನನಗೆ 71 ವರ್ಷ. ಎರಡೂ ಮಂಡಿ ನೋವು. ಮಗ ಸೊಸೆ ಕರೆಯುತ್ತಿದ್ದಾರೆ. ಅಷ್ಟು ಮೆಟ್ಟಿಲಿರುವ ಮನೆಯನ್ನು ನಾನು ನೋಡಲು ಆಗುತ್ತದಾ?

ಉತ್ತರ: ಅಮ್ಮಾ, ನಿಜ ಹೇಳುತ್ತೇನೆ. ಟೂರ್‌ನಲ್ಲಿ ಮೆಟ್ಟಿಲು ಬಹಳ ಇವೆ, ಗಾಲಿ ಕುರ್ಚಿ ಒಳಗೆಲ್ಲಾ ಹೋಗುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ಮಗನಿಗೆ ಹೇಳಿ ಅವರಿಗೆ ಫೋನ್ ಮಾಡಿಸಿ, ಕುಳಿತುಕೊಳ್ಳಲು ಎಲ್ಲೆಲ್ಲಿ ಅವಕಾಶ ಇದೆ ಅಂತ ಕೇಳಿಸಿ. ಒಳಗೆ ಹೋಗಲು ಆಗದಿದ್ದರೆ ತೋಟದಲ್ಲಿ ಕುಳಿತು ಹೊರಗಿನಿಂದ ನೋಡಿದರೂ ಚೆನ್ನ.

ನಡೆಯಬಲ್ಲೆ ಅನ್ನಿಸಿದರೆ ಒಂದು ಮೆಟ್ಟಿಲ ಸಾಲು ನಿಮಗಾಗಿಯೇ ಇದೆ. ವಯಸ್ಸಾದ ಮೇಲೆ ಸಾರಾಗೆ ಕೀಲುನೋವು ಜೋರಾಯಿತು. ಕಾಲೆತ್ತಲು ಆಗುತ್ತಿರಲಿಲ್ಲ. ಸಾಮಾನ್ಯವಾಗಿ ನಾವು ಮೆಟ್ಟಿಲಿಗೆ ಆರೇಳು ಇಂಚು ಎತ್ತರ ಕೊಡುತ್ತೇವೆ. ಆಕೆ ಸುಮಾರು ಎರಡು ಇಂಚು ಇಡಿಸಿದಳು. ಅದಕ್ಕೇ ಒಂದು ಅಂತಸ್ತು ಏರಲು 44 ಮೆಟ್ಟಿಲು, ಏಳು ತಿರುವು. ಗೈಡ್ ಅಲ್ಲಿ ಆತ್ಮಗಳಿಗೆ ದಾರಿ ತಪ್ಪಿಸಲು ಅಂದರೂ ಅನ್ನಬಹುದು. ನಿಮ್ಮ ಮಂಡಿಗೆ ಮೊದಲ ಮೆಟ್ಟಿಲಲ್ಲೇ ಅದು ಯಾಕೆ ಹಾಗಿದೆ ಅಂತ ಗೊತ್ತಾಗುತ್ತದೆ. ನಿಧಾನಕ್ಕೆ ಹತ್ತಿ. ಹಿಂದಿನವರು ಕಾಯುತ್ತಾರೆ.